ಗುಲಾಬಿ ಬುಡದ ಆರೋಪಿ

ಸಿಂಕಿನ ತುಂಬ ತೊಳೆಯದ ಪಾತ್ರೆ. ಅದಕ್ಕೇ ಗುಮಾಸ್ತ ಮೊಟ್ಟೆ ಬೇಯಿಸಿದ ಕುದಿನೀರನ್ನು ಕಿಟಕಿಯಿಂದಾಚೆ ಚೆಲ್ಲಿ, ಮತ್ತೆ ಸೋಫಾದಲ್ಲಿ ಅಂಗಾತ ಬಿದ್ದುಕೊಂಡ. ಹೆಂಡತಿ ತವರಿಗೆ ಹೋದಾಗ ಅವನು ರಜೆ ಹಾಕಿದ್ದೇ ಗಿಡಗಳಿಗೆ ನೀರು ಹಾಕಲೆಂದು. ಹಾಕಿದ, ಪುಣ್ಯಾತ್ಮ!

ಮಧ್ಯಾಹ್ನ ಎದ್ದು ಅದೇ ಕಿಟಕಿಯಿಂದ ಕೆಳಗೆ ಇಣುಕಿದ. ನಾಳೆ ಪುಷ್ಪಪ್ರದರ್ಶನಕ್ಕೆ ಹೋಗಬೇಕಿದ್ದ ಅವಳ ಗುಲಾಬಿ ಬೆಂದ ಸೊಪ್ಪಿನಂತೆ ಜೋತುಬಿದ್ದಿತ್ತು. ಇನ್ನೊಂದು ಗಂಟೆಯಲ್ಲಿ ಅವಳು ಬರುತ್ತಾಳೆ. ಇನ್ನು ಉಳಿಗಾಲವಿಲ್ಲ.

ಕಿತ್ತು ಹೂತುಬಿಡೋಣವೆಂದು ಗೊಬ್ಬರದ ಗುಂಡಿಯ ಪಕ್ಕ ಅಗೆದ. ಮಣ್ಣಿನಲ್ಲಿ ಹೆಬ್ಬೆರಳು ಗಾತ್ರದ ಬಿಳಿ ಹುಳು ಮುದುಡಿ ಮಲಗಿತ್ತು. ಗುಮಾಸ್ತ ಹೌಹಾರಿ ಗುದ್ದಲಿ ಬಿಟ್ಟ. ಮರುಕ್ಷಣ ಮುಖ ಅರಳಿತು. ಸಿಕ್ಕಿದ ಆರೋಪಿ! ಹುಳುವನ್ನು ತಂದು ಗುಲಾಬಿಯ ಬುಡದಲ್ಲಿಟ್ಟು ಬೀದಿಗೆಲ್ಲ ಕೇಳುವಂತೆ ಕೂಗಿದ: "ಅಯ್ಯೋ, ಹುಳ! ಗಿಡಾನೇ ತಿಂದುಹಾಕ್ತು!"

ಪಕ್ಕದ ಮನೆಯಾಕೆ ಓಡಿಬಂದಳು. "ಅಯ್ಯಯ್ಯೋ, ಹಾವಿನ ಮರಿ ಕಣಣ್ಣ!"

"ಹಾವಿಗೆ ಕಾಲಿರುತ್ತೇನಕ್ಕ?" ಎದುರುಮನೆಯ ದರ್ಜಿ ದೂರದಿಂದಲೇ ಬಗ್ಗಿ ನೋಡಿದ. "ಇದು ಮುಟ್ಟಿದ್ರೆ ಕೈ ಊದಿ ಸೋರೆಕಾಯಿ ಆಗುತ್ತೆ. ತಡೀರಿ, ಜೀವಶಾಸ್ತ್ರದ ಮೇಷ್ಟ್ರನ್ನ ಕರ್ಕೊಂಡ್ಬರ್ತೀನಿ."

"ಮೇಷ್ಟ್ರು ಯಾಕಪ್ಪಾ!" ಎಂದು ಗುಮಾಸ್ತ ಬಾಯಿಬಿಡುವಷ್ಟರಲ್ಲಿ ದರ್ಜಿ ಮಾಯ.

ಮೇಷ್ಟ್ರಿಗಿಂತ ಮೊದಲು ಹೆಂಡತಿಯೇ ಬಂದಳು. ಕೈಯಲ್ಲಿದ್ದ ಚೀಲ ದೊಪ್ಪೆಂದು ಬಿತ್ತು. "ನನ್ನ ಗುಲಾಬಿ!"

"ಹುಳ ಕಣೇ! ಇವರೂ ನೋಡಿದಾರೆ."

ಪಕ್ಕದ ಮನೆಯಾಕೆ ಹೌದೌದೆಂದಳು. ಹೆಂಡತಿ ಕಣ್ಣೊರೆಸಿಕೊಂಡಳು. "ಹೋಗ್ಲಿ ಬಿಡಿ, ಪಾಪ ನೀವೇನ್ಮಾಡ್ತೀರಿ." ಗುಮಾಸ್ತನಿಗೆ ಹೋದ ಜೀವ ಬಂದಂತಾಯಿತು.

ಆಗ ಬಂದರು ಮೇಷ್ಟ್ರು. ಹುಳುವನ್ನು ಜಗಲಿಯ ಮೇಲೆ ಬಿಟ್ಟರು. ಅದು ಹೊರಳಿ, ಕಾಲು ಮೇಲೆ ಮಾಡಿಕೊಂಡು, ಬೆನ್ನ ಮೇಲೇ ಸರಸರನೆ ಹೊರಟಿತು!

"ಅಯ್ಯೋ, ಸಾಯ್ತಾ ಇದೆ!" ಎಂದಳು ಪಕ್ಕದ ಮನೆಯಾಕೆ.

"ಇಲ್ಲಮ್ಮ, ಅದರ ನಡಿಗೇನೇ ಹಾಗೆ. ಅಂಗಾತ ನಡೆಯೋದು ಗೊಬ್ಬರದ ಹುಳ. ಕೊಳೆತ ಎಲೆ ತಿಂದು ಒಳ್ಳೇ ಗೊಬ್ಬರ ಮಾಡುತ್ತೆ. ಹಸಿ ಬೇರಿನ ತಂಟೆಗೆ ಹೋಗೋಲ್ಲ."

ಎಲ್ಲರೂ ದಂಗಾದರು. ಹೆಂಡತಿ ಗುಲಾಬಿಯನ್ನು ನೋಡಿದಳು. ಬಾಡಿದ ಎಲೆಗೆ ಮೊಟ್ಟೆಯ ಸಿಪ್ಪೆಯ ಚೂರು ಅಂಟಿತ್ತು. ತಲೆಯೆತ್ತಿ ಕಿಟಕಿಯನ್ನು ನೋಡಿದಳು. ಒಳಗೆ ಹೋಗಿ ಸಿಂಕನ್ನೂ, ನಡುಭಾಗ ಗುಳಿಬಿದ್ದ ಸೋಫಾವನ್ನೂ ನೋಡಿ ಬಂದಳು. ಗುಮಾಸ್ತ ಮೆಲ್ಲಗೆ ಮೇಷ್ಟ್ರ ಹಿಂದೆ ಸರಿದ.

ಅವಳು ಹುಳುವನ್ನು ಮೆಲ್ಲಗೆ ಎತ್ತಿ ಗೊಬ್ಬರದ ಗುಂಡಿಗೆ ಬಿಟ್ಟಳು.

"ನೋಡಿದ್ರೇನ್ರೀ? ಅಂಗಾತ ಬಿದ್ಕೊಂಡೇ ಕೆಲಸ ಮಾಡೋರೂ ಇದ್ದಾರೆ!"