ಎಕ್ಸ್‌ಚೇಂಜಿನ ಹಿತ್ತಲ ಮನೆ

ಬಾಡಿಗೆಗೆ ಮನೆ ಹುಡುಕುವವರು ಗಾಳಿ ಬೆಳಕು ನೋಡುತ್ತಾರೆ, ನೀರು ನೋಡುತ್ತಾರೆ. ನಮ್ಮ ಕನ್ನಡಕದಂಗಡಿಯ ಯಜಮಾನರು ನೋಡಿದ್ದು ಟೆಲಿಫೋನ್ ಎಕ್ಸ್‌ಚೇಂಜಿನ ಹಿಂಬದಿಯ ಗೋಡೆಯನ್ನು. ಆ ಗೋಡೆಗೂ ಈ ಮನೆಯ ಬಚ್ಚಲಿಗೂ ನಡುವೆ ಬಟ್ಟೆ ಒಣಹಾಕುವಷ್ಟು ಜಾಗ. ಅಡುಗೆಮನೆಯೊಳಗೆ ಒಬ್ಬರು ನಿಂತರೆ ಇನ್ನೊಬ್ಬರು ಹೊರಗಿನಿಂದಲೇ ಉಪ್ಪು ಕೇಳಬೇಕು, ಕಿಟಕಿ ತೆರೆದರೆ ಜನರೇಟರಿನ ಗುಡುಗು. ಇದ್ಯಾವುದೂ ಅವರ ಕಣ್ಣಿಗೆ ಬೀಳಲಿಲ್ಲ. (ಊರವರ ಕಣ್ಣು ಪರೀಕ್ಷಿಸುವವರ ಕಣ್ಣನ್ನು ಯಾರು ಪರೀಕ್ಷಿಸಬೇಕು, ಹೇಳಿ!)

“ತಾಮ್ರದ ತಂತಿ ಉದ್ದ ಆದಷ್ಟೂ ಬ್ರಾಡ್‌ಬ್ಯಾಂಡ್ ಸೊರಗುತ್ತೆ ಕಣೇ. ಹಳೇ ಮನೆ ಊರಾಚೆ ಇತ್ತು, ಅಲ್ಲಿಗೆ ಬರೋಷ್ಟರಲ್ಲಿ ಅದಕ್ಕೆ ಏದುಸಿರು. ಇಲ್ಲಿ ನೋಡು, ಎಕ್ಸ್‌ಚೇಂಜಲ್ಲಿ ಯಾರಾದ್ರೂ ಸೀನಿದ್ರೆ ನಮ್ಮನೇಲಿ ಕೇಳುತ್ತೆ!”

“ಸೀನೋದು ಕೇಳ್ತಾನೇ ಇದೆ ರೀ. ಇಂಟರ್ನೆಟ್ಟೇ ಬರ್ತಿಲ್ಲ,” ಎಂದಳು ಹೆಂಡತಿ.

ಪಾಪ, ಯಜಮಾನರು ಇಷ್ಟೆಲ್ಲ ಮಾಡಿದ್ದು ಅವಳಿಗಾಗಿಯೇ. ಮಗಳು ಹುಟ್ಟಿದಾಗ ಶಾಲೆಯ ಮೇಡಂ ಕೆಲಸ ಬಿಟ್ಟವಳು ಅವಳು. ಮಗಳು ಕಾಲೇಜಿಗೆ ಹೋದ ಮೇಲೆ ತರಕಾರಿಯವನಿಗೂ ಭಾಗಾಕಾರ ಕಲಿಸತೊಡಗಿದ್ದಳು. ದೂರದ ಶಾಲೆಯೊಂದು ಆನ್‌ಲೈನಿನಲ್ಲಿ ಗಣಿತ ಹೇಳಿಕೊಡುವವರನ್ನು ಹುಡುಕುತ್ತಿತ್ತು. ಮೊದಲ ಸಲದ ಪರೀಕ್ಷಾ ಪಾಠದಲ್ಲಿ, ಹಳೆಯ ಮನೆಯಲ್ಲಿ, ಭಿನ್ನರಾಶಿಯ ನಟ್ಟನಡುವೆ ಅವಳ ಮುಖ ಬಾಯಿ ತೆರೆದ ಹಾಗೆಯೇ ನಿಂತುಬಿಟ್ಟಿತ್ತು. ಶಾಲೆಯವರು ದೊಡ್ಡ ಮನಸ್ಸು ಮಾಡಿ ಇನ್ನೊಂದೇ ಒಂದು ಅವಕಾಶ ಕೊಟ್ಟಿದ್ದರು. ಅದು ಇವತ್ತು ಮಧ್ಯಾಹ್ನ. ಈ ಮನೆಯಲ್ಲಿ ಬೆಳಗಿನಿಂದಲೂ ಲ್ಯಾಪ್‌ಟಾಪಿನ ಚಿತ್ರ ತೆವಳುತ್ತಿತ್ತು. ಅವಳು ಬೈದಿದ್ದರೆ ಯಜಮಾನರು ಸಹಿಸಿಕೊಳ್ಳುತ್ತಿದ್ದರು. ಬೈಯದೆ ಸುಮ್ಮನೆ ಬಟ್ಟೆ ಮಡಚಲು ಕೂತಳು. ಅದನ್ನು ನೋಡಲಾರದೆ ಯಜಮಾನರು ಚಪ್ಪಲಿ ಮೆಟ್ಟಿದರು.

“ಯಾರೋ ನಡುವೆ ನಮ್ಮ ತಂತಿಗೆ ಕೊಕ್ಕೆ ಹಾಕಿದಾರೆ! ಈಗಲೇ ಹಿಡಿದು ತರ್ತೀನಿ!”

“ರೀ, ಫೋನಾದ್ರೂ ತಗೊಂಡ್ ಹೋಗ್ರಿ...”

ಕೇಳಿಸಿಕೊಳ್ಳಲು ಅವರೆಲ್ಲಿದ್ದರು? ಆಗಲೇ ಬೀದಿಗಿಳಿದಾಗಿತ್ತು.

ತಂತಿ ಮನೆಯ ಸೂರಿನಿಂದ ಹೊರಟು, ಎಕ್ಸ್‌ಚೇಂಜಿನ ಕಡೆ ತಿರುಗಿಯೂ ನೋಡದೆ, ಅದಕ್ಕೆ ಬೆನ್ನು ಹಾಕಿ ನಡೆಯಿತು. ಯಜಮಾನರೂ ಕತ್ತೆತ್ತಿ ಹಿಂದೆಯೇ ನಡೆದರು. ಬೇಕರಿ ಕಳೆಯಿತು, ಸೈಕಲ್ ರಿಪೇರಿ ಅಂಗಡಿ ಕಳೆಯಿತು, ಆಸ್ಪತ್ರೆಯ ಹಿಂಭಾಗವೂ ಬಂದು ಹೋಯಿತು. “ಏನ್ ಸಾರ್, ಗಿಳಿ ಹಾರಿಹೋಯ್ತಾ?” ಎಂದು ಕೇಳಿದ ಕ್ಷೌರಿಕನೂ ನಾಲ್ಕು ಹೆಜ್ಜೆ ಕತ್ತೆತ್ತಿ ಜೊತೆಗೆ ಬಂದ. ಒಂದು ಕಂಬ ಹಣೆಗೆ ಬಡಿಯಿತು. ಕಳ್ಳನ ಸುಳಿವಂತೂ ಸಿಗಲಿಲ್ಲ. ಕೊನೆಗೆ ತಂತಿ ರಸ್ತೆ ಬದಿಯಲ್ಲಿ ದೂರವಾಣಿಯವರ ಒಂದು ಹಸಿರು ಪೆಟ್ಟಿಗೆಯೊಳಗೆ ಇಳಿಯಿತು. ಯಜಮಾನರು ಕತ್ತು ಇಳಿಸಿ ಸುತ್ತ ನೋಡಿದರೆ, ಪೆಟ್ಟಿಗೆಯ ಎದುರಿಗೇ ಅವರು ಬಿಟ್ಟು ಬಂದ ಹಳೆಯ ಮನೆ!

ಪೆಟ್ಟಿಗೆಯಿಂದ ಹೊರಟ ದಪ್ಪ ಕೇಬಲ್ಲು ದೊಡ್ಡ ರಸ್ತೆ ಹಿಡಿದು ಸೀದಾ ಎಕ್ಸ್‌ಚೇಂಜಿನ ಮುಂಬಾಗಿಲಿಗೆ ಹೋಯಿತು. ಅಂದರೆ ಇಂಟರ್ನೆಟ್ಟು ಮೊದಲು ಹಳೆಯ ಮನೆಯ ತನಕ ಬಂದು, ಆಮೇಲೆ ಊರೆಲ್ಲ ಅಲೆದು ಹೊಸ ಮನೆ ಸೇರುತ್ತಿತ್ತು. ಅರ್ಧ ಊರು ಹತ್ತಿರ ಬರುತ್ತೇನೆಂದು ಅವರು ಅರ್ಧ ಊರು ದೂರ ಹೋಗಿದ್ದರು.

ಈ ಸಂಕಟವನ್ನು ಯಾರ ಮೇಲಾದರೂ ಕಾರಲೇಬೇಕಿತ್ತು. ಎಕ್ಸ್‌ಚೇಂಜಿಗೆ ನುಗ್ಗಿದರೆ ಕೌಂಟರಿನಲ್ಲಿ ನರಪಿಳ್ಳೆಯಿಲ್ಲ. ಒಳಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅಲ್ಲೇ ನಿಂತು ಗರ್ಜಿಸಿದರು.

“ಇದು ದೂರವಾಣಿ ವಿನಿಮಯ ಕೇಂದ್ರವೋ, ದೂರ ಮಾಡುವ ಕೇಂದ್ರವೋ? ಗೋಡೆ ಪಕ್ಕದ ಮನೆಗೆ ಊರು ಸುತ್ತಿಸಿ ತಂತಿ ಎಳೆದ ಮಹಾನುಭಾವ ಯಾರ್ರೀ?”

“ಯಾರದು ಹಿಂದೆ ಗಲಾಟೆ? ಬಾಯ್ ಮೇಲೆ ಬೆರಳು! ಹೋಗಿ ಮೂಲೇಲಿ ನಿಂತ್ಕೋ!”

ಆ ದನಿಯ ಠೀವಿಗೆ ಯಜಮಾನರ ಕಾಲುಗಳು ಅವರನ್ನು ಕೇಳಲೇ ಇಲ್ಲ. ಒಳಗೆ ಹೋಗಿ, ಬೀರುವಿನ ಪಕ್ಕದ ಮೂಲೆಯಲ್ಲಿ ಬಾಯಿಗೆ ಬೆರಳಿಟ್ಟು ನಿಂತರು. ಆಮೇಲೆ ಓರೆಗಣ್ಣಿನಿಂದ ನೋಡಿದರೆ, ಲ್ಯಾಪ್‌ಟಾಪಿನ ಮುಂದೆ ಕೂತಿದ್ದವಳು ಅವರ ಹೆಂಡತಿ! ಪರದೆಯ ತುಂಬ ಮಕ್ಕಳು, ಅದರದೊಂದು ಮೂಲೆಯಲ್ಲಿ ಕನ್ನಡಕ ಹಾಕಿಕೊಂಡ ಮುಖ್ಯೋಪಾಧ್ಯಾಯಿನಿ.

“ಬಟ್ಟೆ ಒಣಹಾಕುವಾಗ ದಿನಾ ಮಾತಾಡ್ತೀವಲ್ಲ,” ಎಂದು ಬೀರುವಿನ ಆಚೆ ಪಾಠ ಕೇಳುತ್ತ ನಿಂತಿದ್ದ ಕೌಂಟರಿನ ಹೆಂಗಸು ಪಿಸುಗುಟ್ಟಿದಳು. “ಪಾಪ, ಕಣ್ಣಲ್ಲಿ ನೀರು ಹಾಕ್ಕೊಂಡಿದ್ರು. ಇಲ್ಲೇ ಬಂದು ಕೂತ್ಕೊಳ್ಳಿ ಅಕ್ಕಾ, ಅಂದೆ.”

ಇಲ್ಲಿ ಇಂಟರ್ನೆಟ್ಟಿಗೆ ನಡೆಯುವ ಕೆಲಸವೇ ಇರಲಿಲ್ಲ. ಯಜಮಾನರ ಗರ್ಜನೆ ಒಂದಕ್ಷರವೂ ತಡವರಿಸದೆ ಆ ಶಾಲೆಗೆ ತಲುಪಿತ್ತು. ತನ್ನಿಂದಾಗಿ ಅವಳ ಎರಡನೆಯ ಅವಕಾಶವೂ ಹೋಯಿತಲ್ಲ ಎಂದು ಅವರು ಬೆರಳನ್ನು ಬಾಯಿಗೆ ಇನ್ನಷ್ಟು ಒತ್ತಿಕೊಂಡರು.

ಮುಖ್ಯೋಪಾಧ್ಯಾಯಿನಿ ಕನ್ನಡಕ ಸರಿಮಾಡಿಕೊಂಡು ಅವರನ್ನೇ ದಿಟ್ಟಿಸಿದರು. “ಮೇಡಂ, ಅಷ್ಟು ದೊಡ್ಡ ಮನುಷ್ಯರನ್ನೇ ಒಂದು ಮಾತಲ್ಲಿ ಮೂಲೆಗೆ ನಿಲ್ಲಿಸಿದ್ರಲ್ಲ! ನಮ್ಮ ಐದನೇ ಕ್ಲಾಸಿಗೆ ನಿಮ್ಮಂಥೋರೇ ಬೇಕು. ಸೋಮವಾರದಿಂದ ಶುರು ಮಾಡಿ.”

ಹೆಂಡತಿಯ ಕಿವಿ ತುದಿ ಸಂತೋಷಕ್ಕೆ ಕೆಂಪಾದದ್ದು ಹಿಂದಿನಿಂದಲೇ ಕಾಣಿಸಿತು. ಅಷ್ಟರಲ್ಲಿ ಪರದೆಯ ಮೇಲೆ ಒಂದು ಪುಟ್ಟ ಕೈ ಮೇಲೆದ್ದಿತು.

“ಮಿಸ್, ಆ ಅಂಕಲ್ ಇನ್ನೂ ನಿಂತೇ ಇದಾರೆ. ಕೂತ್ಕೊಳ್ಳಿ ಅನ್ನಲ್ವಾ?”

ಅವಳು ತಿರುಗಿಯೂ ನೋಡಲಿಲ್ಲ.

“ಪಾಠ ಮುಗೀಲಿ ಪುಟ್ಟಾ. ಅಲ್ಲೀವರೆಗೂ ನಿಂತು ಕಲೀಲಿ.”

ಯಜಮಾನರು ಬೆರಳು ತೆಗೆಯದೆಯೇ ತಲೆಯಾಡಿಸಿದರು.