ಇಪ್ಪತ್ತೆರಡಕ್ಕೆ ಇಪ್ಪತ್ತೆರಡು

ಸೋಮವಾರ ಬೆಳಗ್ಗೆ ಕರಡು ಮೇಷ್ಟ್ರು ತೀರಿಕೊಂಡರು. ಅರವತ್ತೆಂಟು ವಯಸ್ಸು, ಹೃದಯಾಘಾತ, ಕುರ್ಚಿಯಲ್ಲಿ ಕೂತಿದ್ದ ಹಾಗೇ. ಮೇಷ್ಟ್ರು ಅಂದರೆ ಶಾಲೆಯ ಮೇಷ್ಟ್ರಲ್ಲ. ಮೂವತ್ತೆಂಟು ವರ್ಷ ಅಚ್ಚುಕೂಟದಲ್ಲಿ ಕೂತು, ಅಚ್ಚಿಗೆ ಹೋಗುವ ಹಾಳೆಗಳ ತಪ್ಪು ತಿದ್ದಿದವರು. ನಿವೃತ್ತರಾದ ಮೇಲೂ ವಾರಪತ್ರಿಕೆಯ ಕರಡು ಅವರ ಮನೆಗೇ ಹೋಗುತ್ತಿತ್ತು.

ಸುದ್ದಿ ಫೋನಿನಲ್ಲಿ ಬಂತು. ಬೈಂಡರ್ ತನ್ನ ಬೈಂಡಿಂಗ್ ಅಂಗಡಿಯ ಸ್ಟೂಲಿನ ಮೇಲೆ ಕುಸಿದು ಕೂತು ಅತ್ತ. ನಲವತ್ತು ವರ್ಷದ ಗೆಳೆತನ. ಅತ್ತು, ಮೂಗು ಒರೆಸಿಕೊಂಡು, ಮತ್ತೆ ಅಳಲು ಬಾಯಿ ತೆರೆದವನಿಗೆ ತಟ್ಟನೆ ಒಂದು ಯೋಚನೆ ಬಂತು. ಅಳು ನಿಂತು ಬೆವರು ಶುರುವಾಯಿತು.

"ಅಯ್ಯೋ, ನನ್ನ ಪದಬಂಧ ಅವನ ಹತ್ರಾನೇ ಇದೆ!"

(ಗೆಳೆಯ ಹೋದ ಸುದ್ದಿ ಬಂದ ಹತ್ತೇ ನಿಮಿಷಕ್ಕೆ ಇಂಥ ಯೋಚನೆ ಮಾಡುವ ಮನುಷ್ಯನನ್ನು ಏನೆಂದು ಕರೆಯಬೇಕೋ ಓದುಗರು ನಿರ್ಧರಿಸಲಿ. ಅವನ ಹೆಂಡತಿ ಹಿಂದಿನ ದಿನವೇ ನಿರ್ಧರಿಸಿಯಾಗಿತ್ತು.)

ಗೆಳೆಯರಿಬ್ಬರ ಪದ್ಧತಿ ಹೀಗಿತ್ತು. ಶುಕ್ರವಾರ ವಾರಪತ್ರಿಕೆ ಬರುತ್ತಿತ್ತು. ಕೊನೆಯ ಪುಟದಲ್ಲಿ ಪದಬಂಧ. ಸುಮ್ಮನೆ ಪದಬಂಧವಲ್ಲ, ಸುಳಿವು ಓದಿದರೆ ಬರೆದವನ ಮೇಲೆ ಕೇಸು ಹಾಕೋಣ ಅನ್ನಿಸುವಂಥ ಒಗಟಿನ ಪದಬಂಧ. ಇಬ್ಬರೂ ಅವರವರ ಮನೆಯಲ್ಲಿ ಬಿಡಿಸಬೇಕು. ಭಾನುವಾರ ಸಂಜೆ ಬೈಂಡಿಂಗ್ ಅಂಗಡಿಯಲ್ಲಿ ಹಾಳೆ ಬದಲಾಯಿಸಿಕೊಳ್ಳಬೇಕು. ಇವನದನ್ನು ಅವರು, ಅವರದನ್ನು ಇವನು ಮನೆಗೊಯ್ದು ತಿದ್ದಿ, ಸೋಮವಾರ ಬೆಳಗ್ಗೆ ಅಂಕ ಹೇಳಬೇಕು. ಸೋತವನು ವಾರವಿಡೀ ಟೀ ಮಾಡಬೇಕು.

ಮೇಷ್ಟ್ರ ಕೈ ತಪ್ಪು ಕಂಡರೆ ಸುಮ್ಮನಿರುವ ಕೈಯಲ್ಲ. ಔಷಧದ ಚೀಟಿ, ಬಸ್ಸಿನ ಬೋರ್ಡು, ನೆಂಟರ ಮದುವೆಯ ಕರೆಯೋಲೆ, ಎಲ್ಲವನ್ನೂ ತಿದ್ದಿದವರು. ಮದುವೆಗೆ ಮುಂಚೆ ಅವರ ಹೆಂಡತಿ ಬರೆದ ಮೊದಲ ಪ್ರೇಮಪತ್ರವನ್ನೂ ಕೆಂಪು ಪೆನ್ನಿನಲ್ಲಿ ತಿದ್ದಿ, "ಭಾವ ಚೆನ್ನಾಗಿದೆ, ಅಲ್ಪವಿರಾಮ ಸಾಲದು" ಎಂದು ಷರಾ ಬರೆದು ವಾಪಸು ಕಳಿಸಿದ್ದರು. (ಆಕೆ ಆದರೂ ಮದುವೆಯಾದರು. ಅಲ್ಪವಿರಾಮಗಳನ್ನು ಆಮೇಲೆ ಮಾತು ಬಿಟ್ಟಾಗ ಬಳಸಿಕೊಂಡರು.)

ಇಂಥ ಮೇಷ್ಟ್ರಿಗೆ ಒಂದು ಧರ್ಮಸಂಕಟವಿತ್ತು. ಅವರ ಕೈಗೆ ಬರುವ ಮುಂದಿನ ವಾರದ ಕರಡಿನಲ್ಲಿ ಈ ವಾರದ ಪದಬಂಧದ ಉತ್ತರ ಇರುತ್ತಿತ್ತು. ಅವರು ಆ ಜಾಗದ ಮೇಲೆ ಒಂದು ರಟ್ಟಿನ ತುಂಡು ಮುಚ್ಚಿ, "ಇದನ್ನ ನೀನೇ ನೋಡ್ಬಿಡು, ನಾನು ನೋಡಿದ್ರೆ ಅವನಿಗೆ ಮೋಸ ಆಗುತ್ತೆ" ಎಂದು ಹೆಂಡತಿಗೆ ಒಪ್ಪಿಸುತ್ತಿದ್ದರು. ಆ ರಟ್ಟನ್ನು ಅಳತೆಗೆ ಸರಿಯಾಗಿ ಕತ್ತರಿಸಿ ಕೊಟ್ಟವನು ಬೈಂಡರೇ.

ಇನ್ನು ಬೈಂಡರ್ ಮಾಡುತ್ತಿದ್ದುದು. ಅಚ್ಚುಕೂಟದಲ್ಲಿ ಮುಂದಿನ ಸಂಚಿಕೆ ಅಚ್ಚಾಗುವಾಗ ಕೆಟ್ಟ ಹಾಳೆಗಳು ರದ್ದಿಯಾಗಿ ಅವನ ಅಂಗಡಿಗೆ ಬರುತ್ತಿದ್ದವು, ರಟ್ಟಿನ ಒಳಗೆ ಅಂಟಿಸುವುದಕ್ಕೆ. ಆರು ವರ್ಷದ ಹಿಂದೆ, ಬಿಡದೆ ಹತ್ತೊಂಬತ್ತು ವಾರ ಟೀ ಮಾಡಿ ಸುಸ್ತಾಗಿದ್ದಾಗ, ಒಂದು ಶನಿವಾರ ಅಂಟು ಸವರುತ್ತಿದ್ದ ಹಾಳೆಯಲ್ಲಿ ಆ ವಾರದ ಉತ್ತರ ತಲೆಕೆಳಗಾಗಿ ಕಂಡಿತು. ಅವನು ಆ ಕಡೆ ಈ ಕಡೆ ನೋಡಿ ಹಾಳೆಯನ್ನು ತಿರುಗಿಸಿದ. ಅವತ್ತಿನಿಂದ ಮೇಷ್ಟ್ರು ಟೀ ಮಾಡುವುದನ್ನು ಕಲಿತರು. ಬೈಂಡರ್ ಸಭ್ಯ ಮನುಷ್ಯ. ಮೂರು ವಾರ ಗೆದ್ದರೆ ನಾಲ್ಕನೆಯ ವಾರ ತಾನಾಗಿ ಸೋಲುತ್ತಿದ್ದ.

ಕಳೆದ ವಾರ ಬಂದದ್ದು 'ನೃತ್ಯ ವಿಶೇಷ'. ಇಪ್ಪತ್ತೆರಡು ಪದ, ಇಪ್ಪತ್ತೆರಡೂ ಕುಣಿತಗಳು. ಬೈಂಡರಿಗೂ ನೃತ್ಯಕ್ಕೂ ಇದ್ದ ಸಂಬಂಧವೆಂದರೆ ಕಾಲ ಮೇಲೆ ಸುತ್ತಿಗೆ ಬಿದ್ದಾಗ ಮಾಡಿದ್ದೊಂದೇ. ಆದರೂ ಈ ಸಲ ಪ್ರಾಮಾಣಿಕವಾಗಿ ಗೆಲ್ಲಬೇಕೆಂದು ಕೂತ. "ಪಾಂಡವನೊಬ್ಬ ತಲೆ ಬದಲಿಸಿ ರೌದ್ರವಾಗಿ ಕುಣಿದ" ಎಂಬ ಸುಳಿವಿಗೆ ತಾಂಡವ ಎಂದು ಹೊಳೆದಾಗ ಅಡುಗೆಮನೆಯವರೆಗೂ ಓಡಿದ. ಅಲ್ಲಿಗೆ ಅವನ ಪಾಂಡಿತ್ಯ ಮುಗಿಯಿತು. ಸ್ವಲ್ಪ ಹೊತ್ತಿಗೆ ಹೆಂಡತಿ ನೋಡುತ್ತಾಳೆ, ಗಂಡ ಒಲೆಯ ಮುಂದೆ ಒಂದು ಕಾಲೆತ್ತಿ ನಿಂತು ಸೊಂಟ ತಿರುಗಿಸುತ್ತಿದ್ದಾನೆ.

"ಏನ್ರೀ ಅದು? ಕಾಲಿಗೇನಾದ್ರೂ ಕಚ್ಚಿತಾ?"

"ಎರಡಕ್ಷರದ ಕುಣಿತ ಕಣೇ. ಕುಣಿದು ನೋಡಿದ್ರೆ ಹೆಸರು ನೆನಪಾಗುತ್ತೇನೋ ಅಂತ."

"ಹಾಗಾದ್ರೆ ನೆಲ ಒರೆಸೋ ಬಟ್ಟೆ ಕಾಲಿಗೆ ಸುತ್ಕೊಂಡು ಕುಣೀರಿ. ನಂಗೊಂದು ಕೆಲಸ ಉಳಿಯುತ್ತೆ."

ಶನಿವಾರ ರದ್ದಿ ಬಂತು. ಯಾವಾಗಲೂ ಹತ್ತಿಪ್ಪತ್ತು ಹಾಳೆ ಬರುತ್ತಿದ್ದುದು ಈ ಸಲ ಎರಡು ಕಟ್ಟು! ಒಂದು ಹಾಳೆಯಲ್ಲೂ ಮಸಿಯ ಕಲೆಯಿಲ್ಲ, ಸುಕ್ಕಿಲ್ಲ. ಇಷ್ಟು ಚೊಕ್ಕ ಹಾಳೆಗಳನ್ನು ಯಾಕೆ ಎಸೆದರು ಎಂದು ಕಾಗದದ ಜೊತೆಗೇ ತಲೆ ನರೆಸಿಕೊಂಡವನು ಒಂದು ಕ್ಷಣ ಯೋಚಿಸಬೇಕಿತ್ತು. ಅವನು ಯೋಚಿಸಲಿಲ್ಲ, ಬರೆದುಕೊಂಡ. ಏಳಕ್ಕೆ ಬ್ಯಾಲೆ, ಹದಿನೈದಕ್ಕೆ ಲಾಸ್ಯ. ಏಳನೆಯದರ ಮೊದಲ ಮನೆಯಲ್ಲಿ ಮಾತ್ರ ಸಣ್ಣ ತಕರಾರು. ಮೇಲಿನಿಂದ ಇಳಿದು ಬಂದ ಪದ ಅಲ್ಲಿ 'ಲಾ' ಬೇಕೆನ್ನುತ್ತಿತ್ತು, ಅಚ್ಚಾದ ಉತ್ತರ 'ಬ್ಯಾ' ಎನ್ನುತ್ತಿತ್ತು. ಅಚ್ಚಾದದ್ದು ಸುಳ್ಳಾಗುವುದುಂಟೇ? ಒಂದರ ಮೇಲೊಂದು ಎರಡನ್ನೂ ಬರೆದು, ಮೇಲೊಂದು ತೊಟ್ಟು ಅಂಟು ಬೀಳಿಸಿ, ಅಕಸ್ಮಾತ್ ಬಿತ್ತೆಂಬಂತೆ ಒರೆಸಿದ. ಹದಿನೈದನೆಯದಕ್ಕೆ ಅಡ್ಡ ಬರುವ ಪದವನ್ನು ನೋಡುವ ಗೋಜಿಗೇ ಹೋಗಲಿಲ್ಲ.

ಭಾನುವಾರ ಸಂಜೆ ಹಾಳೆ ಬದಲಾಯಿತು. ಮೇಷ್ಟ್ರ ಹಾಳೆ ಅಳಿಸಿ ಅಳಿಸಿ ಎರಡು ಕಡೆ ತೂತು ಬಿದ್ದಿತ್ತು.

"ಏನೋ ಇದು, ಇಲಿ ಕಡಿದ ಹಾಗಿದೆ?" ಎಂದ ಬೈಂಡರ್.

"ಕಷ್ಟಪಟ್ಟಿದೀನಿ ಕಣೋ. ನಿನ್ನ ಹಾಗೆ ಒಂದೇ ಏಟಿಗೆ ಬರೆಯೋ ತಲೆ ನಂಗೆಲ್ಲಿದೆ?" ಎಂದು ಮೇಷ್ಟ್ರು ಇವನ ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡು ಹೋದರು.

ಮನೆಗೆ ಬಂದ ಬೈಂಡರ್ ಗೆದ್ದ ಗತ್ತಿನಲ್ಲಿ ಹೆಂಡತಿಯ ಮುಂದೆ ಏಳನೆಯ ಸುಳಿವು ಓದಿದ: "ಹಾಸ್ಯದ ತಲೆ ತೆಗೆದು ಕಾನೂನು ಕೂರಿಸಿದರೆ ನಯವಾದ ಕುಣಿತ. ಹೇಳು ನೋಡೋಣ?"

ಆಕೆ ಬಟ್ಟೆ ಮಡಿಸುತ್ತಲೇ ಹೇಳಿದಳು: "ಕಾನೂನು ಅಂದ್ರೆ ಲಾ. 'ಹಾ' ತೆಗೆದು 'ಲಾ' ಹಾಕಿದ್ರೆ ಲಾಸ್ಯ."

"ಅಲ್ಲ, ಬ್ಯಾಲೆ."

"ಬ್ಯಾಲೆ ಹೇಗಾಗುತ್ತೆ? ಹದಿನೈದನೇದು ನೋಡಿ, ಬ್ಯಾಲೆನ್ಸಿನ ಬಾಲ ಕತ್ತರಿಸಿದರೆ ತುದಿಗಾಲಿನ ಕುಣಿತ. ಅಲ್ಲಿ ಬ್ಯಾಲೆ."

"ಅಚ್ಚಾಗಿರೋದು ಸುಳ್ಳಾಗುತ್ತೇನೇ?" ಎಂದುಬಿಟ್ಟ.

ಆಕೆಯ ಕೈ ನಿಂತಿತು. "ಅಚ್ಚಾಗಿರೋದಾ? ಎಲ್ಲಿ?"

ಹೇಳಬೇಕಾಯಿತು. ಎಲ್ಲವನ್ನೂ ಕೇಳಿ ಆಕೆ, "ಓಹೋ! ಆರು ವರ್ಷದಿಂದ ಇದ್ದಕ್ಕಿದ್ದ ಹಾಗೆ ಬುದ್ಧಿವಂತರಾಗಿದ್ದು ಹೀಗಾ? ಥೂ, ಆ ಮನುಷ್ಯ ಉತ್ತರದ ಮೇಲೆ ರಟ್ಟು ಮುಚ್ಕೊಂಡು ಕೂರ್ತಾರೆ, ನೀವು ರದ್ದಿ ಕೆದಕ್ತೀರಿ!" ಎಂದಳು.

ಆಗ ಬೈಂಡರಿಗೆ ಜ್ಞಾನೋದಯವಾಯಿತು. ಆ ಎರಡು ಕಟ್ಟು ರದ್ದಿಯಾದದ್ದೇ ಆ ತಪ್ಪಿನಿಂದ! ಅಚ್ಚುಕೂಟದವರು ಎಸೆದ ತಪ್ಪನ್ನು ಅವನು ಹೆಕ್ಕಿ, ದುಂಡಗೆ ಬರೆದು, ಮೂವತ್ತೆಂಟು ವರ್ಷ ತಪ್ಪು ಹುಡುಕಿದವರ ಜೇಬಿಗೆ ಹಾಕಿ ಬಂದಿದ್ದ. ತಲೆಯಿಂದ ಬಿಡಿಸಿದವನು ಇಂಥ ತಪ್ಪು ಮಾಡಲು ಸಾಧ್ಯವೇ ಇಲ್ಲ. ಬೆಳಗ್ಗೆ ಬೇಗ ಹೋಗಿ ಹಾಳೆ ವಾಪಸು ಕೇಳಬೇಕು ಅಂದುಕೊಂಡ. ಬೆಳಗ್ಗೆ ಫೋನು ಬಂತು.

ಈಗ ಅವನಿಗೆ ತಿಳಿಯಬೇಕಿದ್ದುದು ಒಂದೇ. ಮೇಷ್ಟ್ರು ಹಾಳೆಯನ್ನು ತೆರೆದು ನೋಡಿದ್ದರೇ? ಗೆಳೆಯ ಕಳ್ಳನೆಂದು ತಿಳಿದುಕೊಂಡೇ ಹೋದರೇ?

ಮೇಷ್ಟ್ರ ಮನೆಯ ಹಾಲಿನಲ್ಲಿ ಜನ ತುಂಬಿದ್ದರು. ಬೈಂಡರ್ ಗೆಳೆಯನ ಮುಖ ನೋಡಿ ನಿಜವಾಗಿಯೇ ಅತ್ತ. ಆದರೆ ಎಡಗಣ್ಣು ಅಳುತ್ತಿದ್ದರೆ ಬಲಗಣ್ಣು ಟೀಪಾಯಿಯ ಮೇಲಿನ ಪೇಪರುಗಳನ್ನು ಎಣಿಸುತ್ತಿತ್ತು. ಹೆಂಡತಿ ಪಕ್ಕೆಗೆ ತಿವಿದಳು. "ಏನ್ ಮಾಡ್ತಿದೀರಿ? ಮರ್ಯಾದೆಯಾಗಿ ಕೂತ್ಕೊಳ್ಳಿ."

"ನೀರು ಕುಡ್ಕೊಂಡು ಬರ್ತೀನಿ" ಎಂದು ಎದ್ದವನು ಸೀದಾ ಮೇಷ್ಟ್ರ ಓದುವ ಕೋಣೆಗೆ ನುಗ್ಗಿದ. ಮೇಜಿನ ಮೇಲೆ ನೋಡಿದ. ಡ್ರಾಯರ್ ಎಳೆದ. ಅಲ್ಲಿ ತಾನು ಕತ್ತರಿಸಿ ಕೊಟ್ಟ ರಟ್ಟಿನ ತುಂಡು, ಅಂಚು ಸವೆದು ಮೆತ್ತಗಾಗಿತ್ತು. ಅದನ್ನು ನೋಡಲಾರದೆ ಡ್ರಾಯರ್ ಮುಚ್ಚಿ, ಕಸದ ಬುಟ್ಟಿ ನೋಡಲು ಮೇಜಿನಡಿಗೆ ಅಂಬೆಗಾಲಿಟ್ಟು ತೂರಿದ. ಆಗ ಬಾಗಿಲಲ್ಲಿ ಧ್ವನಿ ಕೇಳಿಸಿತು.

"ಬೈಂಡ್ರೇ, ಏನ್ ಹುಡುಕ್ತಿದೀರಿ?"

ಮೇಷ್ಟ್ರ ಹೆಂಡತಿ. ಅವರ ಹಿಂದೆ ಸೆರಗಿನಿಂದ ಮುಖ ಮುಚ್ಚಿಕೊಂಡ ಅವನ ಹೆಂಡತಿ.

"ಏನಿಲ್ಲ ಅತ್ತಿಗೆ" ಎಂದ ಮೇಜಿನಡಿಯಿಂದಲೇ. "ಮೇಜಿನ ಕಾಲು ಅಲ್ಲಾಡ್ತಿತ್ತು. ಒಂದು ರಟ್ಟು ಕೊಡೋಣ ಅಂತ."

"ಅಲ್ಲಾಡ್ತಿರೋದು ಮೇಜಲ್ಲ. ಹೊರಗೆ ಬನ್ನಿ."

ತಲೆಯನ್ನು ಢಬ್ಬೆಂದು ಮೇಜಿಗೆ ಬಡಿದುಕೊಂಡು ಹೊರಗೆ ಬಂದ. ಆಕೆ ಕೈಯಲ್ಲಿದ್ದ ಮಡಿಸಿದ ಹಾಳೆಯನ್ನು ತೋರಿಸಿದರು.

"ಇದೇ ತಾನೆ? ಆ ತಪ್ಪು ಹಿಡಿದೋಳು ನಾನೇ. ಶುಕ್ರವಾರ ಮುಂದಿನ ಸಂಚಿಕೆ ಎರಡು ಕಟ್ಟು ಅಚ್ಚಾದ ಮೇಲೆ ಒಂದು ಹಾಳೆ ಕಳಿಸಿದ್ರು. ಏಳೂ ಹದಿನೈದೂ ಅದಲುಬದಲಾಗಿದೆ, ನಿಲ್ಲಿಸಿ ಅಂದೆ. ನಿನ್ನೆ ಸಂಜೆ ಇವರು ನಿಮ್ಮ ಹಾಳೆ ತೆರೆದು, ಬಿದ್ದು ಬಿದ್ದು ನಕ್ಕು, 'ನೀನು ಹಿಡಿದ ತಪ್ಪು ಇದೇನಾ' ಅಂತ ಕೇಳಿದ್ರು."

ಬೈಂಡರ್ ಗೋಡೆಗೆ ಒರಗಿದ. "ಹಾಗಾದ್ರೆ ನಿನ್ನೆ ಅವನಿಗೆ ಗೊತ್ತಾಯ್ತು."

"ನಿನ್ನೆ ಅಲ್ಲ, ಐದು ವರ್ಷದಿಂದ ಗೊತ್ತಿತ್ತು. ನಿಮ್ಮ ಹಾಳೇಲಿ ಒಂದು ಅಳಿಸಿದ ಗುರುತೂ ಇರ್ತಿರ್ಲಿಲ್ವಲ್ಲ. 'ಯೋಚನೆ ಮಾಡೋನು ಅಳಿಸ್ತಾನೆ ಕಣೇ' ಅಂತಿದ್ರು."

"ಮತ್ತೆ ಯಾಕೆ ಕೇಳ್ಲಿಲ್ಲ?"

"ಕೇಳಿದ್ರೆ ನಾಚ್ಕೊಂಡು ಬರೋದು ಬಿಟ್ಬಿಡ್ತೀರಿ ಅಂತ." ಆಕೆ ಕಣ್ಣೊರೆಸಿಕೊಂಡರು. "ಅದೂ ಅಲ್ದೆ, ನೀವು ಮಾಡೋ ಟೀ ಕುಡಿಯೋದಕ್ಕಿಂತ ಸೋಲೋದೇ ವಾಸಿ ಅಂತಿದ್ರು."

ಬೈಂಡರ್ ಹಾಳೆಯನ್ನು ಬಿಡಿಸಿದ. ಸಾಲಾಗಿ ಕೆಂಪು ಸರಿ ಗುರುತುಗಳು. ಏಳನೆಯದರ ಹತ್ತಿರ, ಅಂಟಿನ ಕಲೆಯ ಪಕ್ಕದಲ್ಲಿ, ದಪ್ಪನೆಯ ಒಂದು ಕೆಂಪು ಚುಕ್ಕೆ. ಪೆನ್ನಿನ ಮೊನೆ ಅಲ್ಲಿ ಬಹಳ ಹೊತ್ತು ನಿಂತು ಶಾಯಿ ಇಳಿದಿತ್ತು.

"ಬೆಳಗ್ಗೆ ಎದ್ದು ಅದೊಂದರ ಮುಂದೇನೇ ಅರ್ಧ ಗಂಟೆ ಕೂತಿದ್ರು" ಎಂದರು ಆಕೆ. "ತಪ್ಪನ್ನ ತಪ್ಪು ಅನ್ನದೆ ಬಿಡೋಕೆ ಕೈಯೇ ಬರಲ್ಲ ಕಣೇ ಅಂದ್ರು. ನಾನು ಬಾಗಿಲಲ್ಲೇ ನಿಂತಿದ್ದೆ."

ಆ ಚುಕ್ಕೆಯಿಂದಲೇ ಮೇಷ್ಟ್ರು ಗೆರೆ ಎಳೆದು ಸರಿ ಗುರುತು ಹಾಕಿದ್ದರು. ಹದಿನೈದಕ್ಕೂ ಹಾಕಿದ್ದರು. ಕೆಳಗೆ ಇಪ್ಪತ್ತೆರಡಕ್ಕೆ ಇಪ್ಪತ್ತೆರಡು ಎಂದು ಬರೆದು, ಪೆನ್ನಿಗೆ ಮುಚ್ಚಳ ಹಾಕಿದ್ದರು.