ಗಾಡಿಗೆ ಮೈ ಬಂದ ದಿನ

ಹಾಲಿನ ಪ್ಯಾಕೆಟ್ ತರಲು ಗೇಟಿನ ಬಳಿ ಬಂದ ರವಿಕಿರಣನನ್ನು ಮನೆಯ ಓನರ್ ಬೈರಣ್ಣ ನಿಲ್ಲಿಸಿಕೊಂಡದ್ದೇ ಆ ದಿನದ ಎಲ್ಲ ತಾಪತ್ರಯಕ್ಕೂ ಮೂಲ.

“ರವಿ, ಸಂಜೆ ನಮ್ ಹೇಮಶ್ರೀನ ನೋಡೋಕೆ ಕನಕಪುರದ ಕಡೆಯೋರು ಬರ್ತಾವ್ರೆ. ಗೇಟ್ ತೆಗೀತಿದ್ದಂಗೆ ಈ ಎಲುಬಿನ ಗೂಡು ಕಣ್ಣಿಗೆ ಬೀಳ್ಬಾರ್ದು. ಅಷ್ಟರೊಳಗೆ ಇದಕ್ಕೊಂದು ಮೈ ಹಾಕು. ಇಲ್ಲಾಂದ್ರೆ ಗುಜರಿಯೋನ್ನ ಕರೀತೀನಿ, ಹೇಳಿದೀನಿ.”

ಎಲುಬಿನ ಗೂಡು ಎಂದರೆ ರವಿಕಿರಣನ ಎಟಿವಿ. ಕಲ್ಲು ಮಣ್ಣು ಎನ್ನದೆ ಹತ್ತುವ ನಾಲ್ಕು ಚಕ್ರದ ಬೈಕು. ಸ್ನೇಹಿತನೊಬ್ಬ ತನ್ನ ರೆಸಾರ್ಟ್ ಮುಚ್ಚಿದಾಗ ಅದನ್ನು ಎಸೆಯಲು ಮನಸ್ಸಿಲ್ಲದೆ ಇವನಿಗೆ ಕೊಟ್ಟಿದ್ದ. ಬರುವಾಗಲೇ ಅದಕ್ಕೆ ಮೈಯಿರಲಿಲ್ಲ. ಕಬ್ಬಿಣದ ಕಂಬಿಗಳು, ನಡುವೆ ಎಂಜಿನ್ನು, ಬೋಂಡದಂತೆ ಉಬ್ಬಿದ ನಾಲ್ಕು ಟೈರು, ಅಷ್ಟೇ. ಜಯನಗರದ ಕಾಲೇಜೊಂದರಲ್ಲಿ ಗುಮಾಸ್ತನಾದ ರವಿಕಿರಣ ಎಷ್ಟೋ ಭಾನುವಾರಗಳನ್ನು ಅದರ ಹೊಟ್ಟೆಯೊಳಗೆ ಕಳೆದು ಎಂಜಿನ್ನಿಗೆ ಜೀವ ಕೊಟ್ಟಿದ್ದ. ಅದನ್ನು ರಸ್ತೆಗೆ ಇಳಿಸುವಂತಿಲ್ಲ ಎಂಬುದು ಅವನಿಗೂ ಗೊತ್ತಿತ್ತು. ಊರಾಚೆಯ ಯಾವುದಾದರೂ ಬಯಲಿಗೆ ಸಾಗಿಸಿ, ಒಂದೇ ಒಂದು ಸಲ ಮನಸಾರೆ ಓಡಿಸಬೇಕು. ಜೀವನದಲ್ಲಿ ಅವನಿಗಿದ್ದ ದೊಡ್ಡ ಆಸೆ ಅದೊಂದೇ. ದೇವರ ದಯೆಯಿಂದ ಅಂದು ರಜೆ.

“ರೀ, ಕೊಟ್ಬಿಡಿ ಗುಜರಿಗೆ” ಎಂದಳು ಹೆಂಡತಿ ದಿವ್ಯ, ದೋಸೆ ಮಗುಚುತ್ತ. “ಸ್ಕೂಟರ್ ಈಚೆ ತೆಗೀಬೇಕಾದ್ರೆ ನಾನು ದಿನಾ ಅದಕ್ಕೆ ಪ್ರದಕ್ಷಿಣೆ ಹಾಕ್ತೀನಿ.”

“ಇವತ್ತೊಂದು ದಿನ ನೋಡು ದಿವ್ಯಾ. ಫೈಬರಲ್ಲಿ ಎಂಥಾ ಮಡ್‌ಗಾರ್ಡ್ ಮಾಡ್ತೀನಿ ಅಂತ.”

ಫೈಬರಿನ ಸಾಮಾನೆಲ್ಲ ಅವನು ಮೊದಲೇ ತಂದಿಟ್ಟಿದ್ದ. ಬೇಕಾದ್ದು ಅಚ್ಚು ಮಾತ್ರ. ಟೈರಿನ ಮೇಲೆ ಬಾಗಿ ಕೂರುವ ಮಡ್‌ಗಾರ್ಡಿಗೆ ನೀರು ತುಂಬಿಡುವ ನೀಲಿ ಡ್ರಮ್ಮಿನ ಹೊಟ್ಟೆ ಸರಿಯಾಗಿತ್ತು. ಗಾಡಿಯ ಮೂತಿಗೆ ದಿವ್ಯ ಬಟ್ಟೆ ನೆನೆಸುವ ಟಬ್ಬು. ಇಡ್ಲಿ ತಟ್ಟೆಗೆ ಸವರುವಂತೆ ಎರಡಕ್ಕೂ ಮೇಣ ಸವರಿ, ನಾರಿನ ಬಟ್ಟೆ ಹೊದಿಸಿ, ಮೇಲೆ ಅಂಟು ಹಚ್ಚಿ ಒಣಗಿಸಿದರೆ ಆಯಿತು. ಡ್ರಮ್ಮನ್ನೂ ಟಬ್ಬನ್ನೂ ತಾರಸಿಗೆ ಸಾಗಿಸಿ, ಬಿಳಿಯ ನಾರಿನ ಬಟ್ಟೆಯನ್ನು ನೆಲದ ಮೇಲೆ ಅಗಲವಾಗಿ ಹಾಸಿ, ಮಗ್ಗಿನಲ್ಲಿ ಅಂಟು ಕಲಸುತ್ತ ಕುಳಿತ.

ಅಷ್ಟರಲ್ಲಿ ಪಕ್ಕದ ತಾರಸಿಯಿಂದ ಗುಂಡಣ್ಣನವರ ತಲೆ ಮೂಡಿತು. ಅವರು ನಿವೃತ್ತರು. ದೊಡ್ಡ ಕಾರ್ಖಾನೆಯಲ್ಲಿದ್ದವರು ಎಂದು ಬೀದಿಗೆಲ್ಲ ಗೊತ್ತು. ಅಲ್ಲಿನ ಕ್ಯಾಂಟೀನಿನಲ್ಲಿದ್ದವರು ಎಂಬುದು ಅವರ ಹೆಂಡತಿ ಪಂಕಜಾಗೆ ಮಾತ್ರ ಗೊತ್ತು.

“ಏನಯ್ಯಾ, ಗಟ್ಟಿಯಾಗೋ ಔಷಧಿ ಅಷ್ಟೇನಾ ಹಾಕೋದು? ಸಂಜೆಗೆ ಮುಗೀಬೇಕು ಅಂದ್ರೆ ಧಾರಾಳವಾಗಿ ಸುರೀಬೇಕು.”

“ಸಾರ್, ಡಬ್ಬಿ ಮೇಲೆ ಸ್ವಲ್ಪಾನೇ ಅಂತ ಬರ್ದಿದೆ.”

“ಡಬ್ಬಿಯೋನಿಗೇನು ಗೊತ್ತು ನಿನ್ನ ಅವಸರ?” ಎನ್ನುತ್ತ ಗುಂಡಣ್ಣ ನಡುಗೋಡೆಯ ಮೇಲಿಂದ ಬಾಗಿ, ತಾವೇ ಡಬ್ಬಿ ತೆಗೆದು ಸುರಿದುಬಿಟ್ಟರು.

ಮಗ್ಗು ಮೊದಲು ಬೆಚ್ಚಗಾಯಿತು. ಆಮೇಲೆ ಸುಟ್ಟಿತು. ಆಮೇಲೆ ಒಗ್ಗರಣೆ ಸೀದ ಬಾಣಲೆಯಂತೆ ಹೊಗೆಯೆದ್ದಿತು. ರವಿಕಿರಣ ಮಗ್ಗನ್ನು ನಲ್ಲಿಯ ಕೆಳಗೆ ಹಿಡಿಯಲು ಓಡಿದ. ಹಿಂತಿರುಗುವ ಹೊತ್ತಿಗೆ ಅಂಟು ಬೆಲ್ಲದ ಅಚ್ಚಿನಂತೆ ಮಗ್ಗಿನೊಳಗೇ ಗಟ್ಟಿಯಾಗಿತ್ತು. ಗುಂಡಣ್ಣನವರ ತಲೆ ಮುಳುಗಿತ್ತು.

ಇನ್ನೂ ಅಂಟು ಉಳಿದಿದೆಯಲ್ಲ ಎಂದು ಸಮಾಧಾನ ಮಾಡಿಕೊಂಡು ಹೊಸ ಮಗ್ಗು ತರಲು ಕೆಳಗಿಳಿದ. ದಿವ್ಯಳೊಂದಿಗೆ ಆ ಮಗ್ಗಿನ ವಿಷಯದಲ್ಲಿ ಸ್ವಲ್ಪ ಮಾತುಕತೆ ನಡೆಯಿತು. ಮತ್ತೆ ಮೇಲೆ ಬಂದರೆ, ನಾರಿನ ಬಟ್ಟೆಯ ತುಂಬ ಸಾಬಕ್ಕಿ ಸಂಡಿಗೆ! ಬೈರಣ್ಣನ ಹೆಂಡತಿ ಮುನಿಲಕ್ಷ್ಮಮ್ಮ ಸೌಟು ಹಿಡಿದು ಕೊನೆಯ ಸಾಲಿನಲ್ಲಿದ್ದರು.

“ಯಾರೋ ಪುಣ್ಯಾತ್ಮರು ಬಟ್ಟೆ ಹಾಸಿಟ್ಟಿದ್ರು ಕಣಪ್ಪ. ಹೆಂಗಿದ್ರೂ ಬಿಸ್ಲು ಚೆನ್ನಾಗೈತೆ ಅಂತ ಇಟ್ಬಿಟ್ಟೆ.”

“ಅಕ್ಕಾ, ಅದು ಗಾಜಿನ ನಾರು! ಈ ಸಂಡಿಗೆ ತಿಂದ್ರೆ ಗಂಟಲು ಕುಯ್ಯುತ್ತೆ!”

ಮುನಿಲಕ್ಷ್ಮಮ್ಮ ಸೌಟನ್ನೂ ಸಂಡಿಗೆಯನ್ನೂ ಅವನನ್ನೂ ನೋಡಿದರು. “ಗಾಜನ್ನ ಯಾರಾದ್ರೂ ಬಟ್ಟೆ ಮಾಡಿ ತಾರ್ಸಿ ಮೇಲೆ ಹಾಸ್ತಾರೇನಪ್ಪ? ಬೆಳಿಗ್ಗೆಯಿಂದ ಕುದಿಸಿದ ಹಿಟ್ಟು!” ಎಂದು ರೇಗಿದರು. ಆದರೆ ಅವನು ನೆಲದ ಮೇಲೆ ಕುಕ್ಕರಿಸಿ, ಬಟ್ಟೆಯಿಂದ ಸಂಡಿಗೆಯನ್ನು ಒಂದೊಂದಾಗಿ ಬಿಡಿಸಲು ನೋಡುತ್ತಿದ್ದ ರೀತಿ ಕಂಡು ಸೌಟು ಕೆಳಗಿಟ್ಟು ಅವನ ಪಕ್ಕ ಕುಳಿತರು. ಆ ಬಟ್ಟೆ ಇನ್ನು ಅಂಟು ಕುಡಿಯುವ ಹಾಗಿರಲಿಲ್ಲ.

“ಬೇರೆ ಬಟ್ಟೆ ಆಗಲ್ವಾ?”

“ಹತ್ತಿ ಬಟ್ಟೆ ಆದ್ರೂ ನಡೆಯುತ್ತೆ ಅಕ್ಕ. ಪದರ ಪದರ ಹಾಕಿದ್ರೆ ಗಟ್ಟಿಯಾಗುತ್ತೆ.”

“ಹಂಗಾದ್ರೆ ಮೆಟ್ಲತ್ರ ಗಂಟು ಐತೆ ನೋಡು. ಹಳೇ ಬಟ್ಟೆಗೆ ಪಾತ್ರೆ ಕೊಡೋಳು ಬರ್ತಾಳಲ್ಲ, ಅವಳಿಗೆ ಅಂತ ಇಟ್ಟಿದ್ದು. ಏನು ಬೇಕೋ ತಗೋ ಹೋಗು.”

ಮೆಟ್ಟಿಲ ಬಳಿ ಹಾಸಿಗೆ ಹೊದಿಕೆಯಲ್ಲಿ ಕಟ್ಟಿದ ಗಂಟು ಇತ್ತು. ಬಿಚ್ಚಿದರೆ ಮೇಲೊಂದು ಗಿಳಿಹಸಿರಿನ ಸೀರೆ, ಮಾವಿನಕಾಯಿ ಅಂಚು. ಕೆಳಗೆ ಎರಡು ಬಿಳಿ ಪಂಚೆ. ಎಲ್ಲಕ್ಕೂ ಗರಿಗರಿ ಇಸ್ತ್ರಿ. ಪಾತ್ರೆಯವಳಿಗೆ ಕೊಡುವ ಹಳೆಯ ಬಟ್ಟೆಗೂ ಇಸ್ತ್ರಿ ಮಾಡಿಸುತ್ತಾರಲ್ಲ, ಎಂಥ ಅಚ್ಚುಕಟ್ಟಿನ ಹೆಂಗಸು ಎಂದು ರವಿಕಿರಣನಿಗೆ ಗೌರವ ಹೆಚ್ಚಿತು.

ಆಮೇಲಿನ ಕೆಲಸ ಹೂ ಎತ್ತಿದಂತೆ ಸಾಗಿತು. ಪಂಚೆ ಕತ್ತರಿಸಿ ಒಳಗಿನ ಪದರ, ಸೀರೆ ಮೇಲಿನ ಪದರ. ಡ್ರಮ್ಮಿನ ಮೇಲೆ ನಾಲ್ಕು ಮಡ್‌ಗಾರ್ಡು, ಟಬ್ಬಿನ ಮೇಲೆ ಮೂತಿ. ಬೇಸಿಗೆಯ ಬಿಸಿಲು ಉಳಿದ ಕೆಲಸ ಮಾಡಿತು. ಮಧ್ಯಾಹ್ನದ ಕಾಫಿಯ ಹೊತ್ತಿಗೆ ಐದೂ ತುಂಡು, ಹದವಾಗಿ ಬೆಂದ ಇಡ್ಲಿಯಂತೆ ಅಚ್ಚಿನಿಂದ ಎದ್ದು ಬಂದವು. ಅಂಚು ಉಜ್ಜಿ, ತೂತು ಕೊರೆದು, ಬೋಲ್ಟು ಹಾಕಿ ಗಾಡಿಗೆ ಬಿಗಿದ. ಬಣ್ಣ ಹಚ್ಚುವ ಅಗತ್ಯವೇ ಬೀಳಲಿಲ್ಲ. ಗಾಜಿನೊಳಗೆ ಇಟ್ಟಂತೆ ಗಿಳಿಹಸಿರು ಹೊಳೆಯುತ್ತಿತ್ತು. ಮಡ್‌ಗಾರ್ಡುಗಳ ತುದಿಗುಂಟ ಮಾವಿನಕಾಯಿಗಳು ಸಾಲಾಗಿ ನಿಂತಿದ್ದವು. ದಿವ್ಯ ಕೂಡ ಬಾಗಿಲಿಗೆ ಬಂದು, “ಪರವಾಗಿಲ್ಲ ರೀ” ಎಂದಳು. ಮದುವೆಯಾದ ಮೇಲೆ ಅವಳಿಂದ ಅಂಥ ಹೊಗಳಿಕೆ ಅವನು ಕೇಳಿದ್ದೇ ಇಲ್ಲ.

ಮೇಲಿನ ಮನೆಯಲ್ಲಿ ಮಾತ್ರ ಏನೋ ಗಲಾಟೆ. ಬೀರುವಿನ ಬಾಗಿಲುಗಳು ಬಡಿದುಕೊಳ್ಳುತ್ತಿದ್ದವು. “ಇಸ್ತ್ರಿಯೋನು ಮೆಟ್ಲತ್ರ ಇಟ್ಟೆ ಅಂತಾನೆ ಕಣೇ!” ಎಂದು ಬೈರಣ್ಣನ ದನಿ ಕೇಳಿತು. ರವಿಕಿರಣನ ಕೈಯಲ್ಲಿದ್ದ ಸ್ಪ್ಯಾನರ್ ನಿಂತಿತು. ಮೆಟ್ಟಿಲ ಆ ಬದಿಗೆ ಹೋಗಿ ಇಣುಕಿದ. ಹಾಸಿಗೆ ಹೊದಿಕೆಯಲ್ಲಿ ಕಟ್ಟಿದ ಇನ್ನೊಂದು ಗಂಟು ಅಲ್ಲಿ ತೆಪ್ಪಗೆ ಕುಳಿತಿತ್ತು.

ಓಡಿಹೋಗೋಣ ಎಂದುಕೊಳ್ಳುವಷ್ಟರಲ್ಲಿ ಗೇಟಿನ ಮುಂದೆ ಕಾರು ನಿಂತಿತು.

ಇಳಿದವರು ಹುಡುಗ ಮಾಧವ, ಅವನ ತಾಯಿ ಸಿದ್ದಗಂಗಮ್ಮ. ಬೈರಣ್ಣ ಯಾವುದೋ ಕಾಲದ ಪ್ಯಾಂಟಿನಲ್ಲಿ ಉಸಿರು ಬಿಗಿಹಿಡಿದು ಇಳಿದು ಬಂದ. ಹಿಂದೆ ಮುನಿಲಕ್ಷ್ಮಮ್ಮ. ಆದರೆ ಹುಡುಗ ಮೆಟ್ಟಿಲ ಕಡೆ ತಿರುಗಲೇ ಇಲ್ಲ.

“ಅಮ್ಮಾ, ಇಲ್ನೋಡು! ಸಖತ್ತಾಗಿದೆ! ನಮ್ ತೋಟದಲ್ಲೂ ಇಂಥದ್ದೇ ಒಂದಿದೆ ಸಾರ್, ಮಡ್‌ಗಾರ್ಡೆಲ್ಲ ಕಿತ್ತೋಗಿ ಕೆಸರು ಸೀದಾ ಮುಖಕ್ಕೇ ಹೊಡೆಯುತ್ತೆ.”

ಸಿದ್ದಗಂಗಮ್ಮ ಬಗ್ಗಿ ಮಡ್‌ಗಾರ್ಡಿನ ಮೇಲೆ ಕೈಯಾಡಿಸಿದರು. “ಇದೇನು, ಸೀರೆ ಅಂಚಲ್ವಾ?”

ಮುನಿಲಕ್ಷ್ಮಮ್ಮನೂ ಬಗ್ಗಿದರು. ನೋಡಿದರು. ಮತ್ತೆ ನೋಡಿದರು. “ಅಯ್ಯೋ, ನನ್ ಮಗಳ ಸೀ—” ಎನ್ನುವಷ್ಟರಲ್ಲಿ ಬೈರಣ್ಣ ಅವರ ಮೊಣಕೈ ಹಿಡಿದ. ಮೂತಿಯ ಒಳಗಿನಿಂದ ತನ್ನ ಪಂಚೆಯ ಕೆಂಪಂಚು ಇಣುಕುತ್ತಿದ್ದುದು ಅವನಿಗೆ ಕಂಡಿತ್ತು. ರವಿಕಿರಣ ಕಣ್ಣು ಮುಚ್ಚಿಕೊಂಡ.

“ಮಗಳ ಸೀರೆನಾ?” ಎಂದರು ಸಿದ್ದಗಂಗಮ್ಮ ಬೆರಗಾಗಿ. “ಮಗಳ ಸೀರೆ ಹಾಕಿ ಗಾಡಿ ಮಾಡ್ಸಿದೀರಾ? ಯಾರಿಗೆ?”

ಹೆಣ್ಣು ನೋಡಲು ಬಂದವರ ಮುಂದೆ, ಹುಡುಗಿ ಉಡಬೇಕಾಗಿದ್ದ ಸೀರೆ ಅಪ್ಪನ ಪಂಚೆಯ ಸಮೇತ ಬಾಡಿಗೆಯವನ ಗಾಡಿಗೆ ಅಂಟಿಕೊಂಡಿದೆ ಎಂದು ಯಾವ ತಂದೆ ಹೇಳುತ್ತಾನೆ? ಬೈರಣ್ಣ ಒಮ್ಮೆ ಕೆಮ್ಮಿದ.

“ಇನ್ಯಾರಿಗೆ ತಾಯಿ? ಅಳಿಯಂದ್ರಿಗೇ. ತೋಟದಲ್ಲಿ ಓಡಾಡೋಕೆ ಆಗುತ್ತೆ ಅಂತ. ನಮ್ ರವಿ ಬೆಳಿಗ್ಗೆಯಿಂದ ಕೂತು ಮಾಡಿದಾನೆ. ಅಲ್ವೇನೋ ರವಿ?”

ಎಲ್ಲರೂ ರವಿಕಿರಣನ ಕಡೆ ತಿರುಗಿದರು. ಅವನ ಬಾಯಿ ತೆರೆಯಿತು. ಮಾತು ಬಂದದ್ದು ಬಾಗಿಲಲ್ಲಿದ್ದ ದಿವ್ಯಳಿಂದ.

“ಹೌದು ಆಂಟಿ, ಧಾರಾಳವಾಗಿ ತಗೊಂಡ್ಹೋಗಿ. ನಾಳೆ ಅಂತ ಯಾಕೆ, ಇವತ್ತೇ ಬೇಕಾದ್ರೂ ಆಗುತ್ತೆ.”

ಹುಡುಗಿಯನ್ನು ನೋಡುವ ಶಾಸ್ತ್ರ ಬೇಗ ಮುಗಿಯಿತು. ಹಳದಿ ಸೀರೆಯಲ್ಲಿ ಬಂದ ಹೇಮಶ್ರೀಗೂ ಮಾಧವನಿಗೂ ಪರಸ್ಪರ ಒಪ್ಪಿಗೆಯಾಯಿತು. ಹೊರಡುವ ಮುನ್ನ ಮಾಧವ ಗಾಡಿಯ ಮೇಲೆ ಕುಳಿತು, ಸ್ಟಾರ್ಟ್ ಮಾಡಿ, ಗೇಟಿನಿಂದ ಮೆಟ್ಟಿಲವರೆಗೆ ಓಡಿಸಿ ನೋಡಿದ. “ಎಂಜಿನ್ ಬೆಣ್ಣೆ ಥರ ಇದೆ ಗುರು!” ಎಂದು ರವಿಕಿರಣನ ಬೆನ್ನು ತಟ್ಟಿದ.

ಕಾರು ತಿರುವಿನಲ್ಲಿ ಮರೆಯಾದ ಮೇಲೆ ಬೈರಣ್ಣ ಪ್ಯಾಂಟಿನ ಗುಂಡಿ ಬಿಚ್ಚಿ, ನೆಮ್ಮದಿಯ ಉಸಿರು ಬಿಟ್ಟು, ರವಿಕಿರಣನ ಹೆಗಲ ಮೇಲೆ ಕೈ ಹಾಕಿದ.

“ಬೇಜಾರು ಮಾಡ್ಕೋಬೇಡ ಕಣೋ. ಗಾಡಿ ಹೋಯ್ತು ಅಂತ ನಿನ್ನ ಬರೀಗೈಲಿ ಬಿಡ್ತೀನಾ? ಎಲ್ಲಾ ಮಾತಾಡಿದೀನಿ. ನಾಳೆ ಇದನ್ನ ಸಾಗಿಸೋಕೆ ಟೆಂಪೋ ಬರುತ್ತಲ್ಲ, ಅದರಲ್ಲೇ ಅವರ ತೋಟದ ಹಳೇ ಗಾಡಿ ಹಾಕ್ಕೊಂಡು ಬಂದು ಇಲ್ಲೇ ಇಳಿಸ್ತಾರೆ.”

ರವಿಕಿರಣನ ಮುಖ ಅರಳಿತು. “ನನಗಾ ಅಣ್ಣಾ?”

“ನಿನಗೇ. ಮದುವೆಯೊಳಗೆ ಮೈ ಹಾಕಿ ವಾಪಸ್ ಕಳಿಸ್ಬೇಕು. ಅದು ಅಳಿಯಂದ್ರ ತಮ್ಮನದಂತೆ. ಅವನಿಗೂ ಇಂಥದ್ದೇ ಬೇಕಂತೆ, ಸೀರೇದೇ.”

ಒಳಗೆ, ದಿವ್ಯ ತನ್ನ ಬೀರುವಿಗೆ ಬೀಗ ಹಾಕಿದ ಸದ್ದು ಕೇಳಿಸಿತು.